ಅಮೆರಿಕದ ದುಡಿಮೆಯ ಬದುಕನ್ನು ತಿದ್ದಿದ ಸುಧಾರಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸಮಾಜ ಸುಧಾರಕರು ಎಂದೊಡನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ನೆನಪಾಗುತ್ತದೆ. ಇಲ್ಲಿ ಬೇರೆಯವರ ಬಗ್ಗೆ ಏಕೆ ಹೇಳಲಾಗಿದೆ?

ಕಿಂಗ್, ಫ್ರೆಡರಿಕ್ ಡಗ್ಲಾಸ್ ಮೊದಲಾದವರ ಬಗ್ಗೆ ಕನ್ನಡದ ಓದುಗರಿಗೆ ಸಾಕಷ್ಟು ತಿಳಿದಿದೆ. ಆದರೆ ಮನುಷ್ಯ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ಮಗು ಎಷ್ಟನೆಯ ವಯಸ್ಸಿಗೆ ಕೆಲಸಕ್ಕೆ ಹೋಗಬಹುದು, ಕಾರ್ಖಾನೆಗೆ ಬೆಂಕಿ ಬಿದ್ದರೆ ಬಾಗಿಲು ತೆರೆದುಕೊಳ್ಳುತ್ತದೆಯೇ, ದುಡಿಯಲಾಗದ ಮುಪ್ಪಿನಲ್ಲಿ ಊಟಕ್ಕೇನು ಗತಿ ಎಂಬ ಪ್ರಶ್ನೆಗಳಿಗೆ ಅಮೆರಿಕದ ಕಾನೂನಿನಲ್ಲಿ ಉತ್ತರ ಬರೆಸಿದವರು ಬೇರೆ ಕೆಲವರು. 1889ರಲ್ಲಿ ಶಿಕಾಗೊದ ಒಂದು ಹಳೆಯ ಮನೆಯಲ್ಲಿ ಆರಂಭವಾದ ಅವರ ಕೆಲಸ 1938ರಲ್ಲಿ ರಾಷ್ಟ್ರೀಯ ಕಾಯಿದೆಯಾಗಿ ನೆಲೆಗೊಂಡಿತು. ಜೇನ್ ಆಡಮ್ಸ್, ಫ್ಲಾರೆನ್ಸ್ ಕೆಲ್ಲಿ, ಲೂಯಿಸ್ ಹೈನ್, ಫ್ರಾನ್ಸಿಸ್ ಪರ್ಕಿನ್ಸ್ ಇವರಲ್ಲಿ ಮುಖ್ಯರು. ಇವರು ಮರುಕಪಟ್ಟು ಸುಮ್ಮನಾಗಲಿಲ್ಲ. ಕಣ್ಣಾರೆ ಕಂಡರು, ಎಣಿಸಿದರು, ದಾಖಲಿಸಿದರು, ಆಮೇಲೆ ಕಾನೂನು ಕೇಳಿದರು. ಆ ಕಾನೂನು ಜಾರಿಯಾಗುತ್ತಿದೆಯೇ ಎಂದು ನೋಡಲು ಅಧಿಕಾರಿ ಬೇಕೆಂದೂ ಹಟ ಹಿಡಿದರು. ಇವರ ಹಿರಿಮೆ ಇರುವುದು ಆ ಕೊನೆಯ ಹಟದಲ್ಲಿ ಎಂಬುದು ಈ ಲೇಖಕನ ಅಭಿಪ್ರಾಯ.

ಆಗ ಪರಿಸ್ಥಿತಿ ನಿಜಕ್ಕೂ ಅಷ್ಟು ಕೆಟ್ಟದಾಗಿತ್ತೇ?

1900ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 10ರಿಂದ 15 ವರ್ಷದೊಳಗಿನ ಸುಮಾರು ಹದಿನೇಳೂವರೆ ಲಕ್ಷ ಮಕ್ಕಳು ದುಡಿಯುತ್ತಿದ್ದರು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಆ ಗಣತಿಯಲ್ಲಿ ದುಡಿಯುವವರ ಲೆಕ್ಕಕ್ಕೇ ಹಿಡಿಯಲಿಲ್ಲ. ಪೆನ್ಸಿಲ್ವೇನಿಯಾದ ಗಣಿಗಳಲ್ಲಿ ಹುಡುಗರು ದೂಳಿನ ನಡುವೆ ಬೆನ್ನು ಬಗ್ಗಿಸಿ ಕುಳಿತು, ಜಾರಿ ಬರುವ ಕಲ್ಲಿದ್ದಲಿನಿಂದ ಕಲ್ಲುಗಳನ್ನು ಬರಿಗೈಯಲ್ಲಿ ಆರಿಸುತ್ತಿದ್ದರು. ಕ್ಯಾರೊಲಿನಾ ರಾಜ್ಯಗಳ ಹತ್ತಿ ಗಿರಣಿಗಳಲ್ಲಿ ಹುಡುಗಿಯರು ನೂಲುವ ಯಂತ್ರಗಳ ಸಾಲಿನಲ್ಲಿ ದಿನವಿಡೀ ನಡೆದಾಡುತ್ತ, ಕಡಿದ ಎಳೆಗಳನ್ನು ಜೋಡಿಸುತ್ತಿದ್ದರು. ಗಾಜಿನ ಕಾರ್ಖಾನೆಗಳಲ್ಲಿ ಹುಡುಗರಿಗೆ ರಾತ್ರಿ ಪಾಳಿಯೂ ಇತ್ತು. ಶಿಕಾಗೊ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ವಲಸೆ ಬಂದ ಕುಟುಂಬಗಳು ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಅಡುಗೆ ಮಾಡಿ, ಮಲಗಿ, ಅಲ್ಲಿಯೇ ಗುತ್ತಿಗೆದಾರನಿಗಾಗಿ ಪೀಸ್ ರೇಟ್ ಲೆಕ್ಕದಲ್ಲಿ ಬಟ್ಟೆ ಹೊಲಿಯುತ್ತಿದ್ದವು.

ಹಲ್ ಹೌಸ್ ಎಂದರೇನು?

ಜೇನ್ ಆಡಮ್ಸ್ ಮತ್ತು ಅವರ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ 1889ರ ಸೆಪ್ಟೆಂಬರಿನಲ್ಲಿ ಶಿಕಾಗೊದ ಹಾಲ್ಸ್ಟೆಡ್ ಬೀದಿಯಲ್ಲಿ ಆರಂಭಿಸಿದ ಸೇವಾ ನೆಲೆ ಅದು. ವಿದ್ಯಾವಂತರು ಬಡವರ ಕೇರಿಯಲ್ಲಿಯೇ ಮನೆ ಮಾಡಿ, ನೆರೆಹೊರೆಯವರಾಗಿ ಬದುಕಬೇಕೆಂಬ ವಿಚಾರವನ್ನು ಆಡಮ್ಸ್ ಲಂಡನ್ನಿನ ಟಾಯ್ನ್‌ಬಿ ಹಾಲ್‌ನಲ್ಲಿ ಕಂಡು ಬಂದಿದ್ದರು. ಇಟಲಿ, ಗ್ರೀಸ್, ಜರ್ಮನಿ, ಪೋಲೆಂಡ್, ರಷ್ಯಾಗಳಿಂದ ಬಂದ ವಲಸೆಗಾರರು ಸುತ್ತಲೂ ಕಿಕ್ಕಿರಿದಿದ್ದ ಆ ಬಡಾವಣೆಯಲ್ಲಿ ಮೊದಲು ಶಿಶುವಿಹಾರ, ಆಮೇಲೆ ರಾತ್ರಿ ಶಾಲೆ, ಸ್ನಾನಗೃಹ, ವ್ಯಾಯಾಮಶಾಲೆ, ಮಕ್ಕಳ ಆಟದ ಮೈದಾನ ಹೀಗೆ ಒಂದೊಂದಾಗಿ ಸೇರುತ್ತ ಹೋಗಿ, ಮುಂದೆ ಹಲ್ ಹೌಸ್ 13 ಕಟ್ಟಡಗಳ ಸಮುಚ್ಚಯವಾಯಿತು. ಅಲ್ಲಿ ನೆಲೆಸಿ ಬೆಳೆದವರಲ್ಲಿ ಜೂಲಿಯಾ ಲೇಥ್ರಪ್ 1912ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಮಕ್ಕಳ ಬ್ಯೂರೊದ ಮೊದಲ ಮುಖ್ಯಸ್ಥೆಯಾದರು. ಕಾರ್ಖಾನೆಗಳ ಸೀಸದ ವಿಷ ಕಾರ್ಮಿಕರ ಮೈ ಸೇರುವುದನ್ನು ಪತ್ತೆಹಚ್ಚಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದರು. 1899ರಲ್ಲಿ ಶಿಕಾಗೊದಲ್ಲಿ ದೇಶದ ಮೊಟ್ಟಮೊದಲ ಬಾಲನ್ಯಾಯಾಲಯ ಆರಂಭವಾಗುವುದಕ್ಕೂ ಈ ಬಳಗದ ಒತ್ತಾಯ ಒಂದು ಕಾರಣ.

ಆಡಮ್ಸ್ ದಾನಧರ್ಮ ಮಾಡಿದ ಸ್ಥಿತಿವಂತ ಮಹಿಳೆಯಷ್ಟೇ ಅಲ್ಲವೇ?

ಅವರು ಸ್ಥಿತಿವಂತರ ಮನೆಯವರೆಂಬುದು ನಿಜ. ತಂದೆ ಗಿರಣಿಯ ಒಡೆಯರೂ ಇಲಿನಾಯ್ ರಾಜ್ಯದ ಸೆನೆಟರೂ ಆಗಿದ್ದರು. ಆದರೆ ದಾನದಿಂದ ನೀಗದ ಸಂಗತಿಗಳು ಯಾವುವು ಎಂಬುದನ್ನು ಆಡಮ್ಸ್ ಬಹಳ ಬೇಗ ಅರಿತರು. ಬಡಾವಣೆಯ ಬೀದಿಗಳಲ್ಲಿ ಕಸ ಕೊಳೆಯುತ್ತಿತ್ತು, ಮಕ್ಕಳು ಕಾಯಿಲೆ ಬಿದ್ದು ಸಾಯುತ್ತಿದ್ದರು, ಕಸದ ಗುತ್ತಿಗೆ ರಾಜಕಾರಣಿಗಳ ಆಪ್ತರ ಪಾಲಾಗುತ್ತಿತ್ತು. ಆಡಮ್ಸ್ ತಾವೇ ಆ ಗುತ್ತಿಗೆಗೆ ಟೆಂಡರ್ ಹಾಕಿದರು. ತಾಂತ್ರಿಕ ಕಾರಣ ಹೇಳಿ ಅದನ್ನು ತಿರಸ್ಕರಿಸಲಾಯಿತಾದರೂ, ಆ ಗದ್ದಲದ ಫಲವಾಗಿ 1895ರಲ್ಲಿ ಮೇಯರ್ ಆಡಮ್ಸ್ ಅವರನ್ನೇ 19ನೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆಗಿ ನೇಮಿಸಿದರು. ಅವರು ಬೆಳಗಿನ ಜಾವ ಎದ್ದು ಕಸದ ಗಾಡಿಗಳ ಹಿಂದೆ ಹೋಗಿ, ಪ್ರತಿಯೊಂದು ಗಾಡಿಯೂ ತನ್ನ ಸರದಿ ಮುಗಿಸಿದೆಯೇ ಎಂದು ನೋಡುತ್ತಿದ್ದರು.

ಮೊದಲ ಮಹಾಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದಾಗ ಅವರನ್ನು ಹೊಗಳುತ್ತಿದ್ದ ಪತ್ರಿಕೆಗಳೇ ದೇಶದ್ರೋಹಿಯಂತೆ ಚಿತ್ರಿಸಿದವು. ಅವರು ಮಾತು ಬದಲಿಸಲಿಲ್ಲ. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರು.

ಫ್ಲಾರೆನ್ಸ್ ಕೆಲ್ಲಿ ಯಾರು? ಅವರ ಹೆಸರು ಏಕೆ ಅಷ್ಟಾಗಿ ಕೇಳಿಬರುವುದಿಲ್ಲ?

ಈ ಇಡೀ ಕಥನದ ಬೆನ್ನೆಲುಬು ಫ್ಲಾರೆನ್ಸ್ ಕೆಲ್ಲಿ. ಅವರಿಗೆ ಸಲ್ಲಬೇಕಾದ ಕೀರ್ತಿ ಸಂದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

1859ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕೆಲ್ಲಿ ಒಬ್ಬ ಸಂಸದರ ಮಗಳು. ತಂದೆ ಆಕೆಯನ್ನು ಚಿಕ್ಕಂದಿನಲ್ಲಿಯೇ ಉಕ್ಕಿನ ಮತ್ತು ಗಾಜಿನ ಕಾರ್ಖಾನೆಗಳಿಗೆ ಕರೆದೊಯ್ದಿದ್ದರು. ರಾತ್ರಿ ಹೊತ್ತು ಉರಿಯುವ ಕುಲುಮೆಗಳ ಬಳಿ ತನ್ನದೇ ಓರಗೆಯ ಹುಡುಗರು ದುಡಿಯುತ್ತಿದ್ದುದನ್ನು ಆಕೆ ಎಂದೂ ಮರೆಯಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜ್ಯೂರಿಕ್‌ನಲ್ಲಿ ಓದುತ್ತಿದ್ದಾಗ ಸಮಾಜವಾದಿಯಾಗಿ, ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ಎಂಗೆಲ್ಸ್ ಅವರ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿದರು. ಗಂಡನ ಹಿಂಸೆ ತಾಳಲಾರದೆ ಮೂವರು ಮಕ್ಕಳೊಂದಿಗೆ 1891ರ ಡಿಸೆಂಬರಿನಲ್ಲಿ ಅವರು ಹಲ್ ಹೌಸ್ ಸೇರಿದರು.

ಅಲ್ಲಿಂದ ಅವರ ನಿಜವಾದ ಕೆಲಸ ತೊಡಗಿತು. ಸರ್ಕಾರದ ಸಮೀಕ್ಷೆಯ ಹೊಣೆ ಹೊತ್ತು ಬಡಾವಣೆಯ ಮನೆಮನೆಗೂ ಹೋಗಿ ಮಾಹಿತಿ ಸಂಗ್ರಹಿಸಿದರು. ಯಾವ ಮನೆಯಲ್ಲಿ ಯಾವ ದೇಶದವರಿದ್ದಾರೆ, ವಾರದ ಗಳಿಕೆ ಎಷ್ಟು ಎಂಬುದನ್ನು ಬಣ್ಣಬಣ್ಣದ ನಕಾಶೆಗಳಲ್ಲಿ ಗುರುತಿಸಿ ಹಲ್ ಹೌಸ್ 1895ರಲ್ಲಿ ಪ್ರಕಟಿಸಿತು. ಈ ಮಧ್ಯೆ, ಇಂತಹ ಪುರಾವೆಗಳ ಬಲದಿಂದಲೇ ಇಲಿನಾಯ್ ರಾಜ್ಯ 1893ರಲ್ಲಿ ಕಾರ್ಖಾನೆ ಕಾಯಿದೆಯನ್ನು ಜಾರಿಗೆ ತಂದಿತ್ತು. 14 ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸುವುದಕ್ಕೆ ನಿಷೇಧ, ಮಹಿಳೆಯರಿಗೆ ದಿನಕ್ಕೆ ಎಂಟು ಗಂಟೆಯ ಮಿತಿ, ಇವೆರಡನ್ನೂ ಜಾರಿಗೊಳಿಸಲು ತಪಾಸಣೆಯ ವ್ಯವಸ್ಥೆ ಅದರಲ್ಲಿದ್ದವು. ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಅವರು ಕೆಲ್ಲಿಯವರನ್ನೇ ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್ ಆಗಿ ನೇಮಿಸಿದರು. ಆ ಹುದ್ದೆಗೆ ಅಮೆರಿಕದಲ್ಲಿ ಅಲ್ಲಿಯವರೆಗೆ ಯಾವ ಮಹಿಳೆಯೂ ನೇಮಕವಾಗಿರಲಿಲ್ಲ.

ಹನ್ನೊಂದು ವರ್ಷದ ಹುಡುಗನೊಬ್ಬ ಚಿತ್ರದ ಚೌಕಟ್ಟುಗಳಿಗೆ ವಿಷದ ದ್ರಾವಣದಿಂದ ಹೊಂಬಣ್ಣ ಬಳಿಯುವ ಕೆಲಸದಲ್ಲಿ ತನ್ನ ಬಲಗೈಯ ಸ್ವಾಧೀನವನ್ನೇ ಕಳೆದುಕೊಂಡಿದ್ದ. ಕೆಲ್ಲಿ ಆ ಪ್ರಕರಣವನ್ನು ಸರ್ಕಾರಿ ವಕೀಲರ ಮುಂದಿಟ್ಟಾಗ, ತಮಗೆ ಇಂತಹ ಕೆಲಸಕ್ಕೆ ಪುರಸೊತ್ತಿಲ್ಲವೆಂಬ ಧಾಟಿಯ ಉತ್ತರ ಬಂತು. ಕೆಲ್ಲಿ ಮರುದಿನವೇ ಕಾನೂನು ಶಿಕ್ಷಣಕ್ಕೆ ಹೆಸರು ನೋಂದಾಯಿಸಿ, 1895ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಸುಧಾರಕರ ಬಗ್ಗೆ ಓದುವ ಎಳೆಯರಿಗೆ ಹೇಳಲೇಬೇಕಾದ ಒಂದು ಘಟನೆಯನ್ನು ಆರಿಸು ಎಂದರೆ ಈ ಲೇಖಕ ಇದನ್ನೇ ಆರಿಸುತ್ತಾನೆ.

ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟು ಎಂಟು ಗಂಟೆಯ ನಿಯಮವನ್ನು ರದ್ದುಪಡಿಸಿತು. ಆಲ್ಟ್‌ಗೆಲ್ಡ್ ಚುನಾವಣೆಯಲ್ಲಿ ಸೋತ ಬಳಿಕ ಹೊಸ ಗವರ್ನರ್ ಕೆಲ್ಲಿಯವರನ್ನು ತೆಗೆದುಹಾಕಿ, ಬಾಲಕಾರ್ಮಿಕರನ್ನು ಹೇರಳವಾಗಿ ದುಡಿಸುತ್ತಿದ್ದ ಗಾಜಿನ ಕಂಪನಿಯೊಂದರಲ್ಲಿ ಬಹುಕಾಲ ಕೆಲಸ ಮಾಡಿದ್ದ ವ್ಯಕ್ತಿಗೆ ಆ ಹುದ್ದೆಯನ್ನು ಕೊಟ್ಟರು. 1899ರಲ್ಲಿ ಕೆಲ್ಲಿ ನ್ಯೂಯಾರ್ಕಿಗೆ ಹೋಗಿ ರಾಷ್ಟ್ರೀಯ ಗ್ರಾಹಕರ ಸಂಘದ ಮುಂದಾಳತ್ವ ವಹಿಸಿ, 1932ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಮಕ್ಕಳನ್ನು ದುಡಿಸದ, ರಾಜ್ಯದ ಕಾರ್ಖಾನೆ ಕಾಯಿದೆಯನ್ನು ಪಾಲಿಸುವ ಕಾರ್ಖಾನೆಗಳ ಬಟ್ಟೆಗಳಿಗೆ ಬಿಳಿ ಲೇಬಲ್ ಹಚ್ಚಿ, ಕೊಳ್ಳುವವರು ಅದನ್ನೇ ಕೇಳಿ ಕೊಳ್ಳುವಂತೆ ಮಾಡಿದ್ದು ಈ ಸಂಘ. ಅವರ ಹೆಸರು ಮಸುಕಾಗಿರುವುದಕ್ಕೆ ಅವರು ಹಿಡಿದ ದಾರಿಯೂ ಕಾರಣವಿರಬಹುದು: ವರದಿ, ಮಸೂದೆ, ಕೋರ್ಟಿನ ಕಡತಗಳಲ್ಲಿ ಕಳೆದ ಬದುಕಿಗೆ ಪ್ರತಿಮೆಗಳು ಸುಲಭವಾಗಿ ಏಳುವುದಿಲ್ಲ.

ನ್ಯಾಯಾಲಯಗಳು ಇಂತಹ ಕಾನೂನುಗಳಿಗೆ ಏಕೆ ಅಡ್ಡ ಬಂದವು?

ಮಾಲೀಕನೂ ಕಾರ್ಮಿಕನೂ ತಮಗಿಷ್ಟ ಬಂದ ಷರತ್ತಿನ ಮೇಲೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿದೆ, ಅದರಲ್ಲಿ ಸರ್ಕಾರ ಕೈಹಾಕುವಂತಿಲ್ಲ ಎಂಬುದು ಆ ಕಾಲದ ನ್ಯಾಯಾಧೀಶರ ವಾದ. ಹಸಿದ ಕುಟುಂಬಕ್ಕೂ ಗಿರಣಿಯ ಮಾಲೀಕನಿಗೂ ಸಮಾನ ಸ್ವಾತಂತ್ರ್ಯವಿದೆ ಎಂದು ನಂಬುವುದು ಎಷ್ಟು ಕ್ರೂರವೆಂದು ಇಂದು ಸುಲಭವಾಗಿ ಕಾಣುತ್ತದೆ. ಬೇಕರಿ ಕೆಲಸಗಾರರಿಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ದೇಶದ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ತಳ್ಳಿಹಾಕಿತು.

1908ರಲ್ಲಿ ಆರೆಗಾನ್ ರಾಜ್ಯದ ಲಾಂಡ್ರಿಯ ಮಾಲೀಕನೊಬ್ಬನ ಪ್ರಕರಣ ಬಂದಾಗ ಕೆಲ್ಲಿ ಮತ್ತು ಅವರ ಸಹೋದ್ಯೋಗಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಹೊಸ ಹಾದಿ ಹಿಡಿದರು. ಗೋಲ್ಡ್‌ಮಾರ್ಕ್ ತಮ್ಮ ಭಾವ, ವಕೀಲ ಲೂಯಿಸ್ ಬ್ರಾಂಡೈಸ್ ಅವರಿಗಾಗಿ ನೂರಕ್ಕೂ ಹೆಚ್ಚು ಪುಟಗಳ ವಾದಪತ್ರಕ್ಕೆ ಸಾಮಗ್ರಿ ಒದಗಿಸಿದರು. ಅದರಲ್ಲಿ ಕಾನೂನಿನ ವಾದ ತೀರ ಕಡಿಮೆ. ವೈದ್ಯರು, ಕಾರ್ಖಾನೆ ಇನ್‌ಸ್ಪೆಕ್ಟರುಗಳು, ಬೇರೆ ದೇಶಗಳ ಸರ್ಕಾರಿ ವರದಿಗಳು ದೀರ್ಘ ದುಡಿಮೆಯ ಕೇಡುಗಳ ಬಗ್ಗೆ ಹೇಳಿದ ಸಂಗತಿಗಳೇ ತುಂಬಿದ್ದವು. ಕೋರ್ಟು ಒಮ್ಮತದಿಂದ ಹತ್ತು ಗಂಟೆಯ ಮಿತಿಯನ್ನು ಎತ್ತಿಹಿಡಿಯಿತು. ಆದರೆ ಮಹಿಳೆಯರು ದೈಹಿಕವಾಗಿ ದುರ್ಬಲರು ಎಂಬ ನೆಲೆಯಲ್ಲಿ ದೊರೆತ ಆ ಗೆಲುವು ಮುಂದೆ ಮಹಿಳೆಯರನ್ನು ಅನೇಕ ಕೆಲಸಗಳಿಂದ ಹೊರಗಿಡಲೂ ನೆಪವಾಯಿತು ಎಂಬುದನ್ನು ಮರೆಮಾಚಬಾರದು.

ಲೂಯಿಸ್ ಹೈನ್ ಅವರ ಛಾಯಾಚಿತ್ರಗಳಿಂದ ನಿಜವಾಗಿ ಏನು ಬದಲಾಯಿತು?

ಹೈನ್ ನ್ಯೂಯಾರ್ಕಿನ ಶಾಲೆಯೊಂದರ ಶಿಕ್ಷಕರು. 1908ರಿಂದ ಅವರು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ದೇಶವೆಲ್ಲ ಸುತ್ತಿ, ದುಡಿಯುವ ಮಕ್ಕಳ ಚಿತ್ರ ತೆಗೆದರು. ಗಿರಣಿಯ ಮಾಲೀಕರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಬೈಬಲ್ ಮಾರುವವನೆಂದೋ, ಪೋಸ್ಟ್‌ಕಾರ್ಡ್ ವ್ಯಾಪಾರಿಯೆಂದೋ ಹೇಳಿಕೊಂಡು ಒಳಸೇರಬೇಕಾಗುತ್ತಿತ್ತು. ತಮ್ಮ ಅಂಗಿಯ ಗುಂಡಿಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗುವಿನ ತಲೆ ಯಾವ ಗುಂಡಿಯವರೆಗೆ ಬರುತ್ತದೆ ಎಂಬುದರ ಮೇಲೆ ಅದರ ಎತ್ತರವನ್ನು ಲೆಕ್ಕ ಹಾಕುತ್ತಿದ್ದರು. ಹೆಸರು, ವಯಸ್ಸು, ಕೆಲಸದ ಅವಧಿಯನ್ನು ಜೇಬಿನೊಳಗೇ ಕೈಯಿಟ್ಟು ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ಚಿತ್ರ ಸುಳ್ಳೆಂದು ಯಾರೂ ಅಲ್ಲಗಳೆಯದಂತೆ ವಿವರಗಳ ಕಾವಲು ಇಟ್ಟದ್ದೇ ಅವರ ಹೆಚ್ಚುಗಾರಿಕೆ.

ಆ ಚಿತ್ರಗಳು ಎಬ್ಬಿಸಿದ ಜನಾಭಿಪ್ರಾಯದ ಬಲದಿಂದ 1916ರಲ್ಲಿ ಮೊದಲ ರಾಷ್ಟ್ರೀಯ ಬಾಲಕಾರ್ಮಿಕ ಕಾಯಿದೆ ಬಂತು. ಉತ್ತರ ಕ್ಯಾರೊಲಿನಾದ ಗಿರಣಿಯಲ್ಲಿ ತನ್ನಿಬ್ಬರು ಗಂಡುಮಕ್ಕಳೊಂದಿಗೆ ದುಡಿಯುತ್ತಿದ್ದ ರೋಲಂಡ್ ಡೇಗನ್‌ಹಾರ್ಟ್ ಎಂಬಾತನ ಹೆಸರಿನಲ್ಲಿ ದಾವೆ ಹೂಡಲಾಯಿತು. 1918ರಲ್ಲಿ ಸುಪ್ರೀಂ ಕೋರ್ಟು ಐದು-ನಾಲ್ಕರ ಅಂತರದಲ್ಲಿ ಕಾಯಿದೆಯನ್ನು ರದ್ದುಮಾಡಿತು. ಮಕ್ಕಳನ್ನು ದುಡಿಸುವ ಕಂಪನಿಗಳಿಗೆ ತೆರಿಗೆ ಹಾಕುವ ಎರಡನೆಯ ಕಾಯಿದೆಯೂ 1922ರಲ್ಲಿ ಬಿದ್ದುಹೋಯಿತು. 1924ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಗೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ಸಿಗಲಿಲ್ಲ. ಹೈನ್ 1940ರಲ್ಲಿ ಬಡತನದಲ್ಲಿ ತೀರಿಕೊಂಡರು.

ಟ್ರಯಾಂಗಲ್ ಕಾರ್ಖಾನೆಯ ಬೆಂಕಿಗೆ ಇಷ್ಟೊಂದು ಮಹತ್ವವೇಕೆ?

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಹತ್ತು ಅಂತಸ್ತಿನ ಕಟ್ಟಡವೊಂದರ ಮೇಲಿನ ಮೂರು ಅಂತಸ್ತುಗಳಲ್ಲಿದ್ದ ಟ್ರಯಾಂಗಲ್ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇಟಲಿಯಿಂದ ಮತ್ತು ಪೂರ್ವ ಯೂರೋಪಿನ ಯಹೂದಿ ಸಮುದಾಯಗಳಿಂದ ವಲಸೆ ಬಂದ ಯುವತಿಯರು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ತುರ್ತು ನಿರ್ಗಮನದ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟಿತು. ಅನೇಕರು ಕಿಟಕಿಯಿಂದ ಹಾರಿದರು. ಮೊಕದ್ದಮೆಯಲ್ಲಿ ಮಾಲೀಕರಿಬ್ಬರೂ ಖುಲಾಸೆಯಾದರು.

ಈ ಸಾವುಗಳನ್ನು ಆಕಸ್ಮಿಕವೆಂದು ಕರೆಯಲಾಗದು. 1909ರ ನವೆಂಬರಿನಲ್ಲಿ ಕ್ಲಾರಾ ಲೆಮ್ಲಿಕ್ ಎಂಬ ಯುವತಿ ತುಂಬಿದ ಸಭೆಯಲ್ಲಿ ಎದ್ದು ನಿಂತು ಯಿಡ್ಡಿಷ್ ಭಾಷೆಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾರ್ಮೆಂಟ್ ಕೆಲಸಗಾರ್ತಿಯರು ಬೀದಿಗಿಳಿದಿದ್ದರು. ಟ್ರಯಾಂಗಲ್‌ನ ಮಾಲೀಕರು ಆಗ ಕಾರ್ಮಿಕ ಸಂಘವನ್ನು ಒಪ್ಪಿಕೊಳ್ಳಲು ನಿರಾಕರಿಸಿದ್ದರು. ಸುಧಾರಣೆ ಮೇಲಿನವರ ಕೊಡುಗೆಯಾಗಿತ್ತೆಂದು ಭಾವಿಸುವವರು ಲೆಮ್ಲಿಕ್ ಮತ್ತು ರೋಸ್ ಶ್ನೈಡರ್‌ಮನ್ ಅವರಂತಹ ಕಾರ್ಮಿಕ ಮಹಿಳೆಯರನ್ನು ನೆನೆಯಬೇಕು.

ಫ್ರಾನ್ಸಿಸ್ ಪರ್ಕಿನ್ಸ್ ಅವರ ಪಾತ್ರವೇನು?

ಬೆಂಕಿ ಬಿದ್ದ ಆ ಸಂಜೆ ಹತ್ತಿರದ ಮನೆಯೊಂದರಲ್ಲಿ ಚಹಾಕ್ಕೆಂದು ಬಂದಿದ್ದ ಪರ್ಕಿನ್ಸ್ ಸದ್ದು ಕೇಳಿ ಓಡಿಹೋಗಿ, ಜನ ಕಿಟಕಿಯಿಂದ ಬೀಳುವುದನ್ನು ಕಂಡರು. ಅವರು ಕಾಲೇಜಿನಲ್ಲಿದ್ದಾಗ ಫ್ಲಾರೆನ್ಸ್ ಕೆಲ್ಲಿಯವರ ಭಾಷಣ ಕೇಳಿ ಈ ದಾರಿಗೆ ಬಂದವರು. ಆ ಹೊತ್ತಿಗೆ ಗ್ರಾಹಕರ ಸಂಘದ ನ್ಯೂಯಾರ್ಕ್ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ಬೆಂಕಿಯ ನಂತರ ರಾಜ್ಯ ನೇಮಿಸಿದ ಕಾರ್ಖಾನೆ ತನಿಖಾ ಆಯೋಗದ ಶಾಸಕರಿಗೆ ವಾಸ್ತವವನ್ನು ತೋರಿಸಿದವರು ಅವರು. ತುರ್ತು ನಿರ್ಗಮನವೆಂದು ಬರೆದಿದ್ದ ಗೋಡೆಯ ಕಿಂಡಿಯಿಂದ ಸೆನೆಟರ್ ರಾಬರ್ಟ್ ವ್ಯಾಗ್ನರ್ ಅವರನ್ನೇ ತೆವಳಿಸಿ, ಹಿಮಗಟ್ಟಿದ್ದ ಕಬ್ಬಿಣದ ಏಣಿ ನೆಲಕ್ಕಿಂತ 12 ಅಡಿ ಮೇಲೆಯೇ ಮುಗಿದುಹೋಗುವುದನ್ನು ಕಾಣಿಸಿದರು. ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಬೆಳಗಿನ ಜಾವವೇ ಐದಾರು ವರ್ಷದ ಮಕ್ಕಳು ಹುರುಳಿಕಾಯಿ, ಬಟಾಣಿ ಬಿಡಿಸುತ್ತ ಕುಳಿತಿರುವುದನ್ನು ತೋರಿಸಿದರು. ಆಯೋಗದ ಕೆಲಸದ ಫಲವಾಗಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು.

1933ರಲ್ಲಿ ಕಾರ್ಮಿಕ ಸಚಿವೆಯಾಗಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಂದ ಆಹ್ವಾನ ಬಂದಾಗ ಪರ್ಕಿನ್ಸ್ ಒಂದು ಪಟ್ಟಿಯನ್ನು ಮುಂದಿಟ್ಟರು: ಕನಿಷ್ಠ ವೇತನ, ದುಡಿಮೆಯ ಅವಧಿಗೆ ಮಿತಿ, ನಿರುದ್ಯೋಗ ವಿಮೆ, ವೃದ್ಧಾಪ್ಯ ವೇತನ, ಬಾಲಕಾರ್ಮಿಕ ಪದ್ಧತಿಯ ರದ್ದತಿ, ಆರೋಗ್ಯ ವಿಮೆ. ಇವಕ್ಕೆ ಒಪ್ಪುವುದಾದರೆ ಮಾತ್ರ ಬರುತ್ತೇನೆ ಎಂದರು. ಅಮೆರಿಕದ ಸಚಿವ ಸಂಪುಟ ಸೇರಿದ ಮೊದಲ ಮಹಿಳೆಯಾಗಿ 1945ರವರೆಗೆ ಕೆಲಸ ಮಾಡಿ, ಆರೋಗ್ಯ ವಿಮೆಯೊಂದನ್ನು ಬಿಟ್ಟು ಬಹುಮಟ್ಟಿಗೆ ಎಲ್ಲವನ್ನೂ ಸಾಧಿಸಿದರು. 1935ರಲ್ಲಿ ವೃದ್ಧಾಪ್ಯ ವೇತನ, ನಿರುದ್ಯೋಗ ವಿಮೆಗಳನ್ನು ಒಳಗೊಂಡ ಸೋಷಿಯಲ್ ಸೆಕ್ಯುರಿಟಿ ಕಾಯಿದೆ ಬಂತು. 1938ರ ಕಾರ್ಮಿಕ ಕಾಯಿದೆ ಗಂಟೆಗೆ 25 ಸೆಂಟ್‌ಗಳ ಕನಿಷ್ಠ ವೇತನವನ್ನೂ, ಕಾರ್ಖಾನೆಗಳ ದುಡಿಮೆಗೆ 16 ವರ್ಷದ ವಯೋಮಿತಿಯನ್ನೂ ತಂದಿತು. 1941ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ಎತ್ತಿಹಿಡಿದು, 1918ರ ತನ್ನದೇ ತೀರ್ಪನ್ನು ಅಳಿಸಿಹಾಕಿತು. ಇಷ್ಟು ಹೊತ್ತಿಗೆ ಕೆಲ್ಲಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಈ ಕಾನೂನುಗಳಿಂದ ಕಪ್ಪು ಜನರಿಗೂ ಸಮಾನ ರಕ್ಷಣೆ ದೊರೆಯಿತೇ?

ದೊರೆಯಲಿಲ್ಲ. ಈ ಸುಧಾರಣೆಯ ಮೇಲಿನ ಅತ್ಯಂತ ದೊಡ್ಡ ಕಲೆ ಇದು. 1935 ಮತ್ತು 1938ರ ಎರಡೂ ಕಾಯಿದೆಗಳು ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಹೆಚ್ಚಾಗಿ ದುಡಿಯುತ್ತಿದ್ದದ್ದು ಈ ಎರಡು ಕೆಲಸಗಳಲ್ಲಿಯೇ. ಕನಿಷ್ಠ ವೇತನದ ಹಕ್ಕು ಹೊಲದ ಕೆಲಸಗಾರರಿಗೆ 1966ರ ತಿದ್ದುಪಡಿಯಿಂದ ಭಾಗಶಃ ಸಿಕ್ಕಿತು, ಮನೆಗೆಲಸದವರಿಗೆ 1974ರಲ್ಲಿ ಸಿಕ್ಕಿತು.

ಈ ಅಂತರವನ್ನು ಮುಚ್ಚಲು ಹೋರಾಡಿದವರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅಗ್ರಗಣ್ಯರು. ರೈಲಿನ ಮಲಗುವ ಬೋಗಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಪೋರ್ಟರುಗಳ ಸಂಘವನ್ನು 1925ರಲ್ಲಿ ಕಟ್ಟಿ, ಹನ್ನೆರಡು ವರ್ಷಗಳ ಹೋರಾಟದ ನಂತರ 1937ರಲ್ಲಿ ಪುಲ್‌ಮನ್ ಕಂಪನಿಯನ್ನು ಒಪ್ಪಂದಕ್ಕೆ ತಂದರು. 1941ರಲ್ಲಿ ರಾಜಧಾನಿಗೆ ಜಾಥಾ ನಡೆಸುವ ಎಚ್ಚರಿಕೆ ಕೊಟ್ಟು, ರಕ್ಷಣಾ ಉದ್ಯಮಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಆದೇಶವನ್ನು ರೂಸ್‌ವೆಲ್ಟ್ ಅವರಿಂದ ಹೊರಡಿಸಿದರು. ಕಿಂಗ್ ಅವರ ಭಾಷಣದಿಂದ ಪ್ರಸಿದ್ಧವಾದ 1963ರ ಆಗಸ್ಟ್ 28ರ ವಾಷಿಂಗ್ಟನ್ ಜಾಥಾ ಕೂಡ ರ‍್ಯಾಂಡಾಲ್ಫ್ ಅವರ ನೇತೃತ್ವದ್ದೇ. ಉದ್ಯೋಗ ಮತ್ತು ಸ್ವಾತಂತ್ರ್ಯ ಎರಡೂ ಅದರ ಹೆಸರಿನಲ್ಲಿದ್ದವು. ಗಂಟೆಗೆ ಎರಡು ಡಾಲರ್ ಕನಿಷ್ಠ ವೇತನ ಅದರ ಬೇಡಿಕೆಗಳಲ್ಲೊಂದು.

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ನೇರವಾದ ಸಂಬಂಧವಿದೆ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಪೇ ಸ್ಲಿಪ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿಗೆಂದು ಕಡಿತವಾಗುವ ಶೇ. 6.2ರಷ್ಟು ಹಣ ಪರ್ಕಿನ್ಸ್ ಅವರ ಸಮಿತಿ ರೂಪಿಸಿದ ವ್ಯವಸ್ಥೆಗೇ ಸೇರುತ್ತದೆ; ಅಷ್ಟೇ ಮೊತ್ತವನ್ನು ಕಂಪನಿಯೂ ತುಂಬುತ್ತದೆ. ನಿವೃತ್ತಿ ವೇತನದ ಅರ್ಹತೆಗೆ 40 ಕ್ರೆಡಿಟ್‌ಗಳು, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಬೇಕು. ಅದಕ್ಕೆ ಮೊದಲೇ ಊರಿಗೆ ಮರಳುವವರಿಗೆ ಸಾಮಾನ್ಯವಾಗಿ ಆ ಹಣದ ಫಲ ಸಿಗುವುದಿಲ್ಲ. ದುಡಿಯುವವರ ಭದ್ರತೆಗೆಂದು ಕಟ್ಟಿದ ವ್ಯವಸ್ಥೆಯಲ್ಲಿ ವಲಸೆ ಬಂದು ದುಡಿದವರು ಬರಿಗೈಯಲ್ಲಿ ಮರಳುವುದು ನ್ಯಾಯವಲ್ಲ.

ಇಂದು ಅಮೆರಿಕದಲ್ಲಿ ಬಾಲಕಾರ್ಮಿಕರು ಇಲ್ಲವೇ?

ಇದ್ದಾರೆ. 1938ರ ಕಾಯಿದೆಯಲ್ಲಿ ಕೃಷಿಗೆ ಕೊಟ್ಟ ವಿನಾಯಿತಿ ಇಂದಿಗೂ ಮುಂದುವರಿದಿದ್ದು, ಹೆತ್ತವರ ಒಪ್ಪಿಗೆಯಿದ್ದರೆ 12 ವರ್ಷದ ಮಗು ಶಾಲೆಯ ಸಮಯದ ಹೊರಗೆ ಬೇರೆಯವರ ಹೊಲದಲ್ಲಿ ದುಡಿಯಬಹುದು. ಕಾನೂನನ್ನು ಮುರಿಯುವವರೂ ಇದ್ದಾರೆ. ಮಾಂಸ ಸಂಸ್ಕರಣಾ ಘಟಕಗಳನ್ನು ಶುಚಿಗೊಳಿಸುವ ಗುತ್ತಿಗೆ ಕಂಪನಿಯೊಂದು ಎಂಟು ರಾಜ್ಯಗಳ 13 ಘಟಕಗಳಲ್ಲಿ 13ರಿಂದ 17 ವರ್ಷದ 102 ಮಕ್ಕಳನ್ನು ರಾತ್ರಿ ಪಾಳಿಯಲ್ಲಿ, ಅಪಾಯಕಾರಿ ರಾಸಾಯನಿಕಗಳ ನಡುವೆ ದುಡಿಸುತ್ತಿತ್ತು ಎಂದು ಕಾರ್ಮಿಕ ಇಲಾಖೆಯ ತನಿಖೆಯಿಂದ ಹೊರಬಿದ್ದು, 2023ರ ಫೆಬ್ರುವರಿಯಲ್ಲಿ ಅದಕ್ಕೆ ಸುಮಾರು 15 ಲಕ್ಷ ಡಾಲರ್ ದಂಡ ಬಿತ್ತು. ಇಂತಹ ತನಿಖಾಧಿಕಾರಿಗಳ ಸಂಖ್ಯೆಯನ್ನು ಕಡಿತಗೊಳಿಸಬೇಕೆಂಬ ಮಾತು ಬಂದಾಗಲೆಲ್ಲ ಆ 102 ಮಕ್ಕಳನ್ನು ಲೆಕ್ಕಕ್ಕೆ ತಂದುಕೊಳ್ಳಬೇಕು.

ಈ ಸ್ಥಳಗಳನ್ನು ಇಂದು ನೋಡಬಹುದೇ?

ನೋಡಬಹುದು. ಹಲ್ ಹೌಸ್‌ನ 13 ಕಟ್ಟಡಗಳಲ್ಲಿ ಎರಡು ಉಳಿದಿದ್ದು, ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯ ಅಲ್ಲಿ ವಸ್ತುಸಂಗ್ರಹಾಲಯ ನಡೆಸುತ್ತಿದೆ. ಟ್ರಯಾಂಗಲ್ ಕಾರ್ಖಾನೆಯಿದ್ದ ಕಟ್ಟಡ ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಒಡೆತನದಲ್ಲಿದೆ; ಸತ್ತವರ ಹೆಸರುಗಳನ್ನು ಹೊತ್ತ ಸ್ಮಾರಕ ಅದರ ಹೊರಗೋಡೆಯ ಮೇಲೆ 2023ರ ಅಕ್ಟೋಬರಿನಲ್ಲಿ ಅನಾವರಣಗೊಂಡಿತು. ವಾಷಿಂಗ್ಟನ್‌ನಲ್ಲಿರುವ ಕಾರ್ಮಿಕ ಇಲಾಖೆಯ ಪ್ರಧಾನ ಕಚೇರಿಗೆ ಪರ್ಕಿನ್ಸ್ ಅವರ ಹೆಸರಿದೆ. ಹೈನ್ ಅವರು ಬಾಲಕಾರ್ಮಿಕ ಸಮಿತಿಗಾಗಿ ತೆಗೆದ 5,000ಕ್ಕೂ ಹೆಚ್ಚು ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿದ್ದು, ಅವುಗಳನ್ನು ಅವರೇ ಬರೆದ ಅಡಿಬರಹಗಳೊಂದಿಗೆ ಯಾರು ಬೇಕಾದರೂ ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು.